ತೆರೆಯ ಮೇಲಿನ, ಪುಟದೊಳಗಿನ ಅಪ್ಪಂದಿರು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾ, ಧಾರಾವಾಹಿ, ಕಾರ್ಟೂನ್, ಕಾದಂಬರಿಗಳಲ್ಲಿ ಬರುವ ಅಪ್ಪಂದಿರ ಬಗ್ಗೆ ಮಾತು ಶುರುವಾದರೆ ಅದೇ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಏಳುತ್ತವೆ. ಅವನ್ನು ಇಲ್ಲಿ ಒಟ್ಟಿಗೆ ಇಟ್ಟುಕೊಂಡು ಉತ್ತರಿಸಿದ್ದೇನೆ. ಒಂದು ಎಚ್ಚರಿಕೆ: ಹಲವು ಕಥೆಗಳ ಕೊನೆ ಇಲ್ಲಿ ಬಯಲಾಗುತ್ತದೆ. ನೋಡದೆ, ಓದದೆ ಉಳಿಸಿಕೊಂಡಿರುವ ಕಥೆಯ ಹೆಸರು ಕಂಡರೆ ಆ ಉತ್ತರವನ್ನು ದಾಟಿ ಮುಂದೆ ಹೋಗಿ.

ನೆನಪಿನಲ್ಲಿ ಉಳಿಯುವುದು ಎಂಥ ಅಪ್ಪ? ಒಳ್ಳೆಯ ಅಪ್ಪನೇ?

ಹಾಗೇನಿಲ್ಲ. ಒಳ್ಳೆಯ ಅಪ್ಪಂದಿರು ಕಥೆಗಳಲ್ಲಿ ಬೇಕಾದಷ್ಟು ಜನ ಬರುತ್ತಾರೆ. ಬುದ್ಧಿ ಹೇಳುತ್ತಾರೆ, ಆಶೀರ್ವಾದ ಮಾಡುತ್ತಾರೆ, ಮರೆತುಹೋಗುತ್ತಾರೆ. ಉಳಿಯುವ ಅಪ್ಪಂದಿರಲ್ಲಿ ನನಗೆ ಕಾಣುವುದು ಬೇರೆಯೇ ಒಂದು ಗುಣ. ಕಥೆಯ ಯಾವುದೋ ಒಂದು ಗಳಿಗೆಯಲ್ಲಿ ಅವರ ಮಗು ಅವರನ್ನು ಸರಿಯಾಗಿ ನೋಡಿಬಿಡುತ್ತದೆ. ಅಪ್ಪನೂ ಹೆದರುತ್ತಾನೆ, ಸೋಲುತ್ತಾನೆ, ನಾಲ್ಕು ಜನರ ಮುಂದೆ ತಲೆ ತಗ್ಗಿಸುತ್ತಾನೆ ಎಂದು ಆ ಮಗುವಿಗೆ ಮೊದಲ ಸಲ ಗೊತ್ತಾಗುತ್ತದೆ.

ಇದಕ್ಕೆ ದೊಡ್ಡ ಉದಾಹರಣೆ 1948ರ ಇಟಲಿಯ ಚಿತ್ರ 'ಬೈಸಿಕಲ್ ಥೀವ್ಸ್'. ನಿರ್ದೇಶಕ ವಿಟೋರಿಯೊ ಡಿ ಸಿಕಾ. ಯುದ್ಧ ಮುಗಿದ ನಂತರದ ರೋಮ್. ಆಂಟೋನಿಯೊಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ. ಸೈಕಲ್ ಇದ್ದರೆ ಮಾತ್ರ ಆ ಕೆಲಸ. ಮೊದಲ ದಿನವೇ ಸೈಕಲ್ ಕಳುವಾಗುತ್ತದೆ. ಅಪ್ಪ, ಮಗ ಇಬ್ಬರೂ ಊರೆಲ್ಲ ಹುಡುಕುತ್ತಾರೆ, ಸಿಗುವುದಿಲ್ಲ. ಕೊನೆಗೆ ಅಪ್ಪನೇ ಇನ್ನೊಬ್ಬರ ಸೈಕಲ್ ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ಜನ ಅವನಿಗೆ ಹೊಡೆಯುವುದನ್ನು ಮಗ ಬ್ರೂನೊ ನೋಡುತ್ತಾನೆ. ಅಳುತ್ತಿರುವ ಹುಡುಗನ ಮುಖ ಕಂಡು ಸೈಕಲ್‌ನ ಯಜಮಾನ ದೂರು ಕೊಡದೆ ಬಿಟ್ಟುಬಿಡುತ್ತಾನೆ. ಆಮೇಲೆ ಬ್ರೂನೊ ಅಪ್ಪನ ಕೈ ಹಿಡಿದುಕೊಂಡು ನಡೆಯುತ್ತಾನೆ. ಚಿತ್ರ ಮುಗಿಯುವುದು ಅಲ್ಲಿಗೆ. ಆಂಟೋನಿಯೊ ಪಾತ್ರ ಮಾಡಿದ ಲಾಂಬೆರ್ಟೊ ಮಜೊರಾನಿ ನಟರೇ ಅಲ್ಲ, ಕಾರ್ಖಾನೆಯ ಕೆಲಸಗಾರ. ಆ ಮುಖದಲ್ಲಿ ನಟನೆ ಕಾಣದಿರುವುದಕ್ಕೆ ಅದೂ ಒಂದು ಕಾರಣ.

ಅಟಿಕಸ್ ಫಿಂಚ್‌ಗೆ ಇಷ್ಟು ದೊಡ್ಡ ಹೆಸರು ಯಾಕೆ?

ಅಟಿಕಸ್ ಬರುವ ಹಾರ್ಪರ್ ಲೀ ಅವರ ಕಾದಂಬರಿ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಬಂದದ್ದು 1960ರಲ್ಲಿ. ಮರುವರ್ಷ ಪುಲಿಟ್ಜರ್ ಪ್ರಶಸ್ತಿ, 1962ರಲ್ಲಿ ಸಿನಿಮಾ. ಅಟಿಕಸ್ ಆಗಿದ್ದ ಗ್ರೆಗರಿ ಪೆಕ್ ಅವರಿಗೆ ಆಸ್ಕರ್ ಬಂತು. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2003ರಲ್ಲಿ ಸಿನಿಮಾ ನಾಯಕರ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಕೊಟ್ಟಿದ್ದು ಅಟಿಕಸ್‌ಗೆ. ಬಂದೂಕು, ಕುದುರೆ, ಹೊಡೆದಾಟದ ಎಷ್ಟೊಂದು ನಾಯಕರನ್ನು ಹಿಂದೆ ಹಾಕಿ ಒಬ್ಬ ವಕೀಲ ಅಪ್ಪ ಮೇಲೆ ಬಂದ, ಅದೂ ಕೋರ್ಟಿನಲ್ಲಿ ಕೇಸು ಸೋತವನು.

ಅಟಿಕಸ್ ಒಳ್ಳೆಯವನು ನಿಜ. ಮಾಡದ ತಪ್ಪಿನ ಆರೋಪ ಹೊತ್ತ ಕಪ್ಪು ವ್ಯಕ್ತಿ ಟಾಮ್ ರಾಬಿನ್‌ಸನ್ ಪರವಾಗಿ, ಊರಿನ ಬಿಳಿಯರನ್ನು ಎದುರು ಹಾಕಿಕೊಂಡು ವಾದಿಸುತ್ತಾನೆ. ಆದರೆ ಪಾತ್ರ ಇಷ್ಟು ಗಟ್ಟಿಯಾಗಿರುವುದು ಕಥೆ ಹೇಳುವವಳು ಮಗಳು ಸ್ಕೌಟ್ ಆಗಿರುವುದರಿಂದ. ಶುರುವಿನಲ್ಲಿ ಅವಳಿಗೂ ಅಣ್ಣ ಜೆಮ್‌ಗೂ ಅಪ್ಪನ ಬಗ್ಗೆ ಅಂಥ ಹೆಮ್ಮೆಯೇನೂ ಇಲ್ಲ. ವಯಸ್ಸಾಗಿದೆ, ಕನ್ನಡಕ ಹಾಕುತ್ತಾನೆ, ಬೇರೆ ಮಕ್ಕಳ ಅಪ್ಪಂದಿರ ಹಾಗೆ ಆಟ ಆಡುವುದಿಲ್ಲ. ಒಂದು ದಿನ ಹುಚ್ಚುನಾಯಿ ಬೀದಿಗೆ ಬಂದಾಗ ಅಪ್ಪ ಒಂದೇ ಗುಂಡಿಗೆ ಅದನ್ನು ಕೆಡವುತ್ತಾನೆ. ಒಂದು ಕಾಲಕ್ಕೆ ಊರಿನಲ್ಲೇ ಅವನಂಥ ಗುರಿಕಾರ ಇರಲಿಲ್ಲ ಎಂಬುದು ಮಕ್ಕಳಿಗೆ ಆವತ್ತೇ ತಿಳಿಯುವುದು. ಅಪ್ಪ ಅದನ್ನು ಎಂದೂ ಹೇಳಿಕೊಂಡಿರಲಿಲ್ಲ.

ಇನ್ನೊಂದು ದೃಶ್ಯ ಕೋರ್ಟಿನದು. ತೀರ್ಪು ವಿರುದ್ಧ ಬಂದಿದೆ. ಅಟಿಕಸ್ ಚೀಲ ತುಂಬಿಕೊಂಡು ಒಬ್ಬನೇ ಹೊರಡುತ್ತಾನೆ. ಮೇಲಿನ ಬಾಲ್ಕನಿಯಲ್ಲಿ ಕುಳಿತಿದ್ದ ಕಪ್ಪು ಜನರೆಲ್ಲ ಎದ್ದು ನಿಲ್ಲುತ್ತಾರೆ. ನಿನ್ನ ಅಪ್ಪ ಹೋಗುತ್ತಿದ್ದಾರೆ, ಎದ್ದು ನಿಲ್ಲು ಎಂದು ಪಾದ್ರಿ ಸ್ಕೌಟ್‌ಗೆ ಹೇಳುತ್ತಾರೆ. ಅಟಿಕಸ್ ತಿರುಗಿ ನೋಡುವುದಿಲ್ಲ, ಅವನಿಗೆ ಅದು ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ಮಗಳಿಗೆ ಮಾತ್ರ. ಈ ದೃಶ್ಯವನ್ನು ಎಷ್ಟು ಸಲ ನೋಡಿದರೂ ಗಂಟಲು ಕಟ್ಟುತ್ತದೆ.

ಹಾರ್ಪರ್ ಲೀ ಅವರ ತಂದೆಯೂ ವಕೀಲರಾಗಿದ್ದರು. ಅವರ ಜೇಬುಗಡಿಯಾರವನ್ನು ಲೀ ಆಮೇಲೆ ಗ್ರೆಗರಿ ಪೆಕ್ ಅವರಿಗೆ ಉಡುಗೊರೆಯಾಗಿ ಕೊಟ್ಟರು.

2015ರ ಪುಸ್ತಕ ಓದಿದ ಮೇಲೆ ಅಟಿಕಸ್ ಮೇಲಿನ ಅಭಿಮಾನ ಉಳಿಯುತ್ತದೆಯೇ?

'ಗೋ ಸೆಟ್ ಎ ವಾಚ್‌ಮನ್' ಅಚ್ಚಾದದ್ದು 2015ರಲ್ಲಾದರೂ ಲೀ ಅದನ್ನು ಬರೆದದ್ದು ಮಾಕಿಂಗ್‌ಬರ್ಡ್‌ಗಿಂತ ಮುಂಚೆ. ಅದರಲ್ಲಿ ಅಟಿಕಸ್ ಮುದುಕ. ಬಿಳಿಯರು, ಕಪ್ಪು ಜನ ಬೇರೆ ಬೇರೆಯಾಗಿಯೇ ಇರಬೇಕು ಎನ್ನುವವರ ಸಭೆಯಲ್ಲಿ ಕೂರುತ್ತಾನೆ. ದೊಡ್ಡವಳಾದ ಮಗಳು ಅದನ್ನು ಕಣ್ಣಾರೆ ಕಂಡು ಕುಸಿದುಹೋಗುತ್ತಾಳೆ. ಎಷ್ಟೋ ಓದುಗರಿಗೂ ಹಾಗೇ ಆಯಿತು.

ನನಗೆ ಕೇಳಿದರೆ ಎರಡನ್ನೂ ಓದಬೇಕು. ಮೊದಲ ಅಟಿಕಸ್ ಎಳೆಯ ಮಗಳ ಕಣ್ಣಿಗೆ ಕಂಡವನು. ಎರಡನೆಯವನು ಇಪ್ಪತ್ತಾರರ ಹೆಣ್ಣುಮಗಳಿಗೆ ಕಂಡವನು. ಅಪ್ಪನನ್ನು ದೇವರ ಜಾಗದಿಂದ ಇಳಿಸುವುದು ಎಷ್ಟು ಕಷ್ಟ ಎಂದು ಆ ಎರಡನೇ ಪುಸ್ತಕ ಬಚ್ಚಿಡದೆ ಹೇಳುತ್ತದೆ. ಕಾದಂಬರಿಯಾಗಿ ಅದು ಮೊದಲನೆಯದರಷ್ಟು ಹದವಾಗಿಲ್ಲ, ಆ ಮಾತು ಬೇರೆ.

ಡಾರ್ತ್ ವೇಡರ್ ಲ್ಯೂಕ್‌ನ ಅಪ್ಪ ಎಂಬುದು ಮೊದಲಿನಿಂದಲೂ ಕಥೆಯಲ್ಲಿತ್ತೇ?

ಇರಲಿಲ್ಲ. ಮುಖವಾಡದ ಖಳ ವೇಡರ್, ಅವನ ಎದುರು ನಿಲ್ಲುವ ನಾಯಕ ಲ್ಯೂಕ್ ಇಬ್ಬರೂ 'ಸ್ಟಾರ್ ವಾರ್ಸ್' ಚಿತ್ರಗಳವರು. ಅದರ ಎರಡನೇ ಚಿತ್ರದ ಮೊದಲ ಕರಡು ಬರೆದವರು ಲೀ ಬ್ರ್ಯಾಕೆಟ್ ಎಂಬ ಲೇಖಕಿ. ಅವರ ಕರಡಿನಲ್ಲಿ ಲ್ಯೂಕ್‌ನ ಅಪ್ಪ ಬೇರೆ, ವೇಡರ್ ಬೇರೆ. ಅಪ್ಪ ಆತ್ಮದ ರೂಪದಲ್ಲಿ ಬಂದು ಮಗನ ಜೊತೆ ಮಾತಾಡುತ್ತಾನೆ. ಕರಡು ಕೊಟ್ಟ ಸ್ವಲ್ಪ ದಿನಕ್ಕೇ, 1978ರಲ್ಲಿ, ಬ್ರ್ಯಾಕೆಟ್ ತೀರಿಕೊಂಡರು. ಆಮೇಲೆ ಜಾರ್ಜ್ ಲ್ಯೂಕಾಸ್ ತಾವೇ ಕೂತು ಬರೆದಾಗ ಇಬ್ಬರೂ ಒಬ್ಬನೇ ಆದರು.

ಗುಟ್ಟು ಕಾಪಾಡಲು ಬಹಳ ಕಷ್ಟಪಟ್ಟರು. ಚಿತ್ರೀಕರಣದಲ್ಲಿ ವೇಡರ್ ವೇಷದಲ್ಲಿದ್ದ ಡೇವಿಡ್ ಪ್ರೌಸ್ ಅವರಿಗೆ ಕೊಟ್ಟ ಮಾತೇ ಬೇರೆ, ಓಬಿ-ವಾನ್ (ಲ್ಯೂಕ್‌ನ ಗುರು) ನಿನ್ನ ಅಪ್ಪನನ್ನು ಕೊಂದ ಎಂದು. ಲ್ಯೂಕ್ ಪಾತ್ರಧಾರಿ ಮಾರ್ಕ್ ಹ್ಯಾಮಿಲ್‌ಗೆ ನಿಜವಾದ ಸಾಲು ತಿಳಿಸಿದ್ದು ಶಾಟ್‌ಗೆ ಸ್ವಲ್ಪ ಮುಂಚೆ. ಸರಿಯಾದ ಮಾತು ಸೇರಿದ್ದು ಡಬ್ಬಿಂಗ್‌ನಲ್ಲಿ. 1980ರಲ್ಲಿ ಚಿತ್ರ ಬಂದಾಗ ಜನ ಬೆಚ್ಚಿಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ನನಗೆ ಆ ಬೆಚ್ಚಿಬೀಳಿಸುವ ಸಾಲಿಗಿಂತ 1983ರ ಮುಂದಿನ ಚಿತ್ರದ ದೃಶ್ಯವೇ ದೊಡ್ಡದು. ಸಾಯುತ್ತಿರುವ ವೇಡರ್ ಮುಖವಾಡ ತೆಗೆಯಲು ಮಗನನ್ನು ಕೇಳುತ್ತಾನೆ. ತೆಗೆದರೆ ಅವನು ಬದುಕುವುದಿಲ್ಲ. ಆದರೂ ಒಂದು ಸಲ ತನ್ನದೇ ಕಣ್ಣಿನಿಂದ ಮಗನನ್ನು ನೋಡಬೇಕು. ಕೆಳಗೆ ಇರುವುದು ಸುಕ್ಕುಗಟ್ಟಿದ, ಬಿಳಿಚಿದ, ದಣಿದ ಒಂದು ಮುಖ. ಮೂರು ಸಿನಿಮಾ ಪೂರ್ತಿ ನಮ್ಮನ್ನು ಹೆದರಿಸಿದವನು ಇವನೇನಾ ಅನ್ನಿಸುತ್ತದೆ, ಅಲ್ವಾ?

ವೇಡರ್ ದನಿ, 'ಲಯನ್ ಕಿಂಗ್' ಮುಫಾಸಾನ ದನಿ ಒಬ್ಬರದೇ ಅಂತಾರೆ, ನಿಜವೇ?

ನಿಜ. ಮುಫಾಸಾ ಅಂದರೆ ಆ ಚಿತ್ರದ ಅಪ್ಪ ಸಿಂಹ. ಎರಡೂ ದನಿ ಜೇಮ್ಸ್ ಅರ್ಲ್ ಜೋನ್ಸ್ ಅವರದು. 1994ರ ಚಿತ್ರಕ್ಕೂ 2019ರ ಹೊಸ ರೂಪಕ್ಕೂ ಅವರೇ ಮುಫಾಸಾ. 2024ರಲ್ಲಿ ಅವರು ತೀರಿಕೊಂಡರು. ಮಕ್ಕಳನ್ನು ಅತಿ ಹೆಚ್ಚು ಹೆದರಿಸಿದ ಅಪ್ಪ, ಅತಿ ಹೆಚ್ಚು ಅಳಿಸಿದ ಅಪ್ಪ, ಇಬ್ಬರಿಗೂ ಒಂದೇ ಗಂಟಲು.

ಇಂಥ ಕಥೆಗಳಲ್ಲಿ ಅಮ್ಮ ಯಾಕೆ ಇರುವುದೇ ಇಲ್ಲ?

ಬಹಳ ಒಳ್ಳೆಯ ಪ್ರಶ್ನೆ. ಅಟಿಕಸ್‌ನ ಹೆಂಡತಿ ತೀರಿಕೊಂಡಿದ್ದಾಳೆ. ಪಿನೋಕಿಯೊನನ್ನು ಕೆತ್ತಿದ ಜೆಪೆಟ್ಟೊ ಒಂಟಿ. 2003ರ 'ಫೈಂಡಿಂಗ್ ನೀಮೊ' ಶುರುವಾಗುವುದೇ ತಾಯಿಮೀನಿನ ಸಾವಿನಿಂದ.

ನನ್ನ ಅನಿಸಿಕೆ ಇದು: ಅಮ್ಮ ಇದ್ದರೆ ಮಗುವಿನ ಜ್ವರ, ನಿದ್ದೆ, ಊಟ, ಹೆದರಿಕೆ ಎಲ್ಲ ಅವಳ ಪಾಲಿಗೆ ಎಂದು ಬರೆಯುವವರು ಬಹಳ ಕಾಲ ಅಂದುಕೊಂಡುಬಿಟ್ಟಿದ್ದರು. ಅಪ್ಪ ಮಗುವನ್ನು ನೋಡಿಕೊಳ್ಳುವುದನ್ನು ತೋರಿಸಬೇಕಾದರೆ ಅಮ್ಮನನ್ನು ಕಥೆಯಿಂದ ಹೊರಗೆ ಕಳಿಸುವುದೊಂದೇ ಅವರಿಗೆ ಗೊತ್ತಿದ್ದ ದಾರಿ. ಇದು ಸುಲಭದ ದಾರಿ, ಅಮ್ಮಂದಿರಿಗೆ ಅನ್ಯಾಯವೂ ಹೌದು.

1979ರ 'ಕ್ರೇಮರ್ ವರ್ಸಸ್ ಕ್ರೇಮರ್' ಇದನ್ನು ಸ್ವಲ್ಪ ಬದಲಾಯಿಸಿತು. ಅಲ್ಲಿ ಅಮ್ಮ ಸಾಯುವುದಿಲ್ಲ, ಮನೆ ಬಿಟ್ಟು ಹೋಗುತ್ತಾಳೆ. ಮರುದಿನ ಬೆಳಿಗ್ಗೆ ಡಸ್ಟಿನ್ ಹಾಫ್‌ಮನ್ ಮಗನಿಗೆ ತಿಂಡಿ ಮಾಡಲು ಹೋಗಿ ಮೊಟ್ಟೆ ಚೆಲ್ಲಿ, ಕೈ ಸುಟ್ಟುಕೊಂಡು, ಬೈಯುತ್ತಾ ನಿಲ್ಲುತ್ತಾನೆ. ಚಿತ್ರದ ಕೊನೆಯ ಭಾಗದಲ್ಲಿ ಅದೇ ಅಡುಗೆಮನೆ, ಅದೇ ತಿಂಡಿ. ಅಪ್ಪ, ಮಗ ಒಂದೂ ಮಾತಾಡದೆ ಸರಾಗವಾಗಿ ಮಾಡಿ ಮುಗಿಸುತ್ತಾರೆ. ನಡುವೆ ಕಳೆದ ತಿಂಗಳುಗಳ ಕಥೆಯನ್ನು ಆ ಎರಡು ದೃಶ್ಯಗಳೇ ಹೇಳುತ್ತವೆ. ಮಗನ ಪಾತ್ರದ ಜಸ್ಟಿನ್ ಹೆನ್ರಿ ಎಂಟನೇ ವಯಸ್ಸಿನಲ್ಲೇ ಆಸ್ಕರ್‌ಗೆ ನಾಮನಿರ್ದೇಶನಗೊಂಡ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಸ್ಪರ್ಧೆಯ ಪಟ್ಟಿಗೆ ಬಂದವರು ಇವತ್ತಿಗೂ ಬೇರೆ ಯಾರೂ ಇಲ್ಲ.

ಕೆಟ್ಟ ಕೆಲಸ ಮಾಡುವ ಅಪ್ಪಂದಿರನ್ನೂ ನಾವು ಇಷ್ಟಪಡುತ್ತೇವಲ್ಲ, ಯಾಕೆ?

ಎಲ್ಲ ಮನೆಯವರಿಗಾಗಿ ಮಾಡಿದೆ ಎಂಬ ಮಾತು ನಮ್ಮನ್ನು ಬೇಗ ಕರಗಿಸುತ್ತದೆ. 1972ರ 'ಗಾಡ್‌ಫಾದರ್' ವಿಟೊ ಕಾರ್ಲಿಯೋನೆ ಕೊಲೆಗಡುಕರ ಯಜಮಾನ. ಆದರೂ ತೋಟದಲ್ಲಿ ಮೊಮ್ಮಗನನ್ನು ಆಡಿಸುತ್ತಾ ಅವನು ಕುಸಿದು ಸತ್ತಾಗ ನಮಗೆ ಸಂಕಟವಾಗುತ್ತದೆ. ಈ ಪಾತ್ರಕ್ಕೆ ಇಬ್ಬರು ನಟರು ಆಸ್ಕರ್ ಗೆದ್ದರು. ಮೊದಲು ಮಾರ್ಲನ್ ಬ್ರಾಂಡೊ, ಅವರು ಅದನ್ನು ತೆಗೆದುಕೊಳ್ಳಲಿಲ್ಲ. 1974ರ ಎರಡನೇ ಭಾಗದಲ್ಲಿ ಹರೆಯದ ವಿಟೊ ಆಗಿದ್ದ ರಾಬರ್ಟ್ ಡಿ ನೀರೊ. ಕಾದಂಬರಿಕಾರ ಮಾರಿಯೊ ಪೂಜೊ ಹೇಳಿಕೊಂಡ ಒಂದು ಸಂಗತಿ ನನಗೆ ಬಹಳ ಇಷ್ಟ. ವಿಟೊ ಬಾಯಿ ತೆರೆದಾಗಲೆಲ್ಲ ಪೂಜೊಗೆ ಕೇಳಿಸುತ್ತಿದ್ದದ್ದು ತಮ್ಮ ತಾಯಿಯ ದನಿಯಂತೆ. ಜಗತ್ತಿನ ಅತಿ ಗಂಭೀರ ಅಪ್ಪನ ಮಾತು ಒಬ್ಬ ಅಮ್ಮನಿಂದ ಬಂದದ್ದು.

'ದೃಶ್ಯಂ' ನೋಡುವಾಗಲೂ ಇದೇ ಆಗುತ್ತದೆ. 2013ರ ಮಲಯಾಳಂ ಚಿತ್ರದಲ್ಲಿ ಮೋಹನ್‌ಲಾಲ್, ಮರುವರ್ಷದ ಕನ್ನಡ 'ದೃಶ್ಯ'ದಲ್ಲಿ ರವಿಚಂದ್ರನ್. ಹೆಚ್ಚು ಓದದ ಕೇಬಲ್ ಟಿವಿಯವನು, ನೋಡಿದ ಸಿನಿಮಾಗಳ ಬಲದಿಂದಲೇ ಮನೆಯವರನ್ನು ಪೊಲೀಸರಿಂದ ಕಾಪಾಡುತ್ತಾನೆ. ಒಂದು ಹುಡುಗನ ಸಾವು ಮುಚ್ಚಿಹೋಗುತ್ತಿದೆ ಎಂದು ಗೊತ್ತಿದ್ದೂ ನಾವು ಅಪ್ಪನ ಪಕ್ಷ ಹಿಡಿಯುತ್ತೇವೆ. ಆ ಸತ್ತ ಹುಡುಗನಿಗೂ ಒಬ್ಬ ಅಪ್ಪ ಇದ್ದಾನೆ. ಕೊನೆಯಲ್ಲಿ ಆತ ಬಂದು ಕೈಮುಗಿದು ನಿಜ ಕೇಳುವಾಗ ಮೈ ಜುಮ್ಮೆನ್ನುತ್ತದೆ. ನನ್ನ ಮಟ್ಟಿಗೆ ಇಡೀ ಚಿತ್ರದ ತೂಕ ಆ ದೃಶ್ಯದಲ್ಲೇ ಇದೆ.

ಮನೆಯವರಿಗಾಗಿ ಎಂಬ ಮಾತಿನ ಬಣ್ಣ ಬಯಲು ಮಾಡಿದ್ದು 'ಬ್ರೇಕಿಂಗ್ ಬ್ಯಾಡ್'. 2008ರಿಂದ 2013ರವರೆಗೆ ಬಂದ ಆ ಸರಣಿಯಲ್ಲಿ ಕೆಮಿಸ್ಟ್ರಿ ಮೇಷ್ಟ್ರು ವಾಲ್ಟರ್ ವೈಟ್ ಮಾದಕವಸ್ತು ತಯಾರಿಸುತ್ತಾ ಪ್ರತಿ ಸಲವೂ ಹೆಂಡತಿ ಮಕ್ಕಳ ಹೆಸರು ಹೇಳುತ್ತಾನೆ. ಕೊನೆಯ ಕಂತಿನಲ್ಲಿ ಹೆಂಡತಿಯ ಮುಂದೆ ಒಪ್ಪಿಕೊಳ್ಳುತ್ತಾನೆ: ನನಗೋಸ್ಕರ ಮಾಡಿದೆ, ನನಗೆ ಅದು ಇಷ್ಟವಾಗಿತ್ತು. ಅವನನ್ನು ಕ್ಷಮಿಸಲು ಆಗುವುದಿಲ್ಲ. ಆದರೆ ಅವನು ಮೊದಲ ಸಲ ಸುಳ್ಳಿಲ್ಲದೆ ನಿಂತದ್ದು ಅಲ್ಲೇ.

'ಲೈಫ್ ಈಸ್ ಬ್ಯೂಟಿಫುಲ್' ಅಪ್ಪ ಮಗನಿಗೆ ಸುಳ್ಳು ಹೇಳಿದ್ದು ಸರಿಯೇ?

1997ರ ಈ ಚಿತ್ರದಲ್ಲಿ ಗ್ವಿಡೊ ಎಂಬ ಯಹೂದಿ ಅಪ್ಪ, ನಾಜಿ ಶಿಬಿರದಲ್ಲಿ ಸಿಕ್ಕಿಬಿದ್ದಿರುವ ಪುಟ್ಟ ಮಗನಿಗೆ ಇದೆಲ್ಲ ಒಂದು ಆಟ ಎಂದು ನಂಬಿಸುತ್ತಾನೆ. ಸಾವಿರ ಅಂಕ ಗಳಿಸಿದವರಿಗೆ ನಿಜವಾದ ಟ್ಯಾಂಕ್ ಬಹುಮಾನ. ನಿರ್ದೇಶನ, ನಟನೆ ಎರಡೂ ರೊಬೆರ್ಟೊ ಬೆನಿನ್ಯಿ ಅವರದು. ಅವರ ತಂದೆ ಯುದ್ಧದ ಸಮಯದಲ್ಲಿ ಜರ್ಮನ್ ಶಿಬಿರದಲ್ಲಿ ಸೆರೆಯಾಳಾಗಿದ್ದರು. ಆ ದಿನಗಳ ಬಗ್ಗೆ ಮಕ್ಕಳಿಗೆ ನಗು ಬೆರೆಸಿಯೇ ಹೇಳುತ್ತಿದ್ದರು. ಕಥೆಯ ಬೇರು ಅಲ್ಲಿದೆ. ಲಕ್ಷಾಂತರ ಜನ ಸತ್ತ ಜಾಗದಲ್ಲಿ ತಮಾಷೆಯೇ ಎಂದು ಸಿಟ್ಟಾದ ವಿಮರ್ಶಕರೂ ಇದ್ದರು. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ.

ಆದರೂ ಆ ಸುಳ್ಳು ನನಗೆ ಸರಿ ಅನ್ನಿಸುತ್ತದೆ. ಸೈನಿಕ ಅವನನ್ನು ಕೊಲ್ಲಲು ಕರೆದೊಯ್ಯುವಾಗ, ಪೆಟ್ಟಿಗೆಯೊಳಗೆ ಅಡಗಿರುವ ಮಗ ಸಂದಿಯಿಂದ ನೋಡುತ್ತಿದ್ದಾನೆ ಎಂದು ಗ್ವಿಡೊಗೆ ಗೊತ್ತು. ಕಣ್ಣು ಮಿಟುಕಿಸಿ, ಕೈಕಾಲು ಎತ್ತೆತ್ತಿ ಕವಾಯತು ಮಾಡುತ್ತಾ ಹೋಗುತ್ತಾನೆ. ಮಗ ನೋಡಬಾರದ್ದನ್ನು ಕೊನೆಯ ಹೆಜ್ಜೆಯವರೆಗೂ ಮರೆಮಾಚುತ್ತಾನೆ. ಅಪ್ಪ ಏನು ಮಾಡಿದನೆಂದು ಮಗನಿಗೆ ತಿಳಿಯುವುದು ದೊಡ್ಡವನಾದ ಮೇಲೆ. ಕಥೆ ಹೇಳುತ್ತಿರುವ ದನಿ ಆ ಮಗನದೇ.

ಇಷ್ಟೇ ಪ್ರೀತಿಯ ಇನ್ನೊಂದು ಸುಳ್ಳು ಯಸುಜಿರೊ ಓಜು ಅವರ 1949ರ ಜಪಾನಿ ಚಿತ್ರ 'ಲೇಟ್ ಸ್ಪ್ರಿಂಗ್'ನಲ್ಲಿದೆ. ಮಗಳು ಅಪ್ಪನನ್ನು ಬಿಟ್ಟು ಹೋಗಲು ಒಪ್ಪುವುದಿಲ್ಲ. ತಾನು ಮರುಮದುವೆ ಆಗುತ್ತೇನೆ ಎಂದು ಅಪ್ಪ ಸುಳ್ಳು ಹೇಳಿ ಅವಳನ್ನು ಮದುವೆಗೆ ಒಪ್ಪಿಸುತ್ತಾನೆ. ಮದುವೆ ಮುಗಿಸಿ ಖಾಲಿ ಮನೆಗೆ ಬಂದು ಕೂತು ಒಂದು ಸೇಬು ಸುಲಿಯುತ್ತಾನೆ. ಅರ್ಧದಲ್ಲಿ ಕೈ ನಿಂತು ತಲೆ ಬಾಗುತ್ತದೆ. ಮಾತಿಲ್ಲ, ಅಳುವಿಲ್ಲ.

ಹೋಮರ್ ಸಿಂಪ್ಸನ್‌ನಂಥ ಪೆದ್ದ ಅಪ್ಪ ಈ ಸಾಲಿಗೆ ಸೇರುತ್ತಾನೆಯೇ?

ಖಂಡಿತ ಸೇರುತ್ತಾನೆ. 'ದಿ ಸಿಂಪ್ಸನ್ಸ್' 1989ರಿಂದ ನಡೆಯುತ್ತಿದೆ. ಸೃಷ್ಟಿಸಿದ ಮ್ಯಾಟ್ ಗ್ರೇನಿಂಗ್ ಅವರ ತಂದೆಯ ಹೆಸರೂ ಹೋಮರ್. ಈ ಅಪ್ಪ ಸೋಮಾರಿ, ಹೊಟ್ಟೆಬಾಕ, ಮಗನ ಕುತ್ತಿಗೆ ಹಿಚುಕುವ ಸಿಟ್ಟಿನವನು. ಆದರೆ 1995ರ ಒಂದು ಕಂತು ನೋಡಿ. ಮನೆಯ ಆಲ್ಬಮ್‌ನಲ್ಲಿ ಚಿಕ್ಕ ಮಗಳು ಮ್ಯಾಗಿಯ ಫೋಟೊ ಒಂದೂ ಇಲ್ಲ, ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಇಷ್ಟದ ಕೆಲಸ ಬಿಟ್ಟು, ಇಷ್ಟವಿಲ್ಲದ ಅಣುಸ್ಥಾವರದ ಕೆಲಸಕ್ಕೆ ಹೋಮರ್ ವಾಪಸ್ ಹೋಗಿದ್ದೇ ಅವಳು ಹುಟ್ಟುತ್ತಾಳೆಂದು. ನೀನು ಇನ್ನು ಸಾಯುವವರೆಗೂ ಇಲ್ಲೇ ಎಂಬ ಅರ್ಥದ ಫಲಕವನ್ನು ಯಜಮಾನ ಅವನ ಮೇಜಿನ ಎದುರು ಹಾಕಿಸಿದ್ದಾನೆ. ಫೋಟೊಗಳೆಲ್ಲ ಇರುವುದು ಅಲ್ಲಿ. ಕೆಲವು ಅಕ್ಷರ ಮುಚ್ಚುವ ಹಾಗೆ ಅಂಟಿಸಿದ್ದಾನೆ. ಉಳಿದ ಅಕ್ಷರ ಸೇರಿಸಿ ಓದಿದರೆ 'ಅವಳಿಗಾಗಿ ಮಾಡು' ಎಂದಾಗುತ್ತದೆ.

ಈಗಿನ ಮಕ್ಕಳಿಗೆ ಗೊತ್ತಿರುವ ಕಾರ್ಟೂನ್ ಅಪ್ಪ ಎಂದರೆ ಬ್ಯಾಂಡಿಟ್, ಆಸ್ಟ್ರೇಲಿಯಾದ 'ಬ್ಲೂಯಿ'ಯವನು. 2018ರಲ್ಲಿ ಶುರುವಾಯಿತು. ಹೆಣ್ಣುಮಕ್ಕಳ ಆಟದಲ್ಲಿ ಏನು ಪಾತ್ರ ಕೊಟ್ಟರೂ ಮಾಡುತ್ತಾನೆ. ಇಷ್ಟೆಲ್ಲ ಆಡಲು ನಮ್ಮಿಂದ ಆಗುವುದಿಲ್ಲ ಎಂದು ಕೆಲವು ಅಪ್ಪಂದಿರು ಬೇಜಾರು ಮಾಡಿಕೊಳ್ಳುತ್ತಾರೆ. ಬೇಡ. ಬ್ಯಾಂಡಿಟ್‌ಗೂ ಸುಸ್ತಾಗುತ್ತದೆ, ಸುಮ್ನೆ ಮಲಗಿಬಿಡೋಣ ಅನ್ನಿಸುತ್ತದೆ. ಆ ಕಾರ್ಟೂನ್ ಅದನ್ನೂ ತೋರಿಸುತ್ತದೆ.

ಹುಟ್ಟಿಸದೆಯೂ ಅಪ್ಪನಾದವರು ಯಾರು?

ವಿಕ್ಟರ್ ಹ್ಯೂಗೊ 1862ರಲ್ಲಿ 'ಲೆ ಮಿಸೆರಾಬ್ಲ್' ಕಾದಂಬರಿಯಲ್ಲಿ ಕೊಟ್ಟ ಜೀನ್ ವಾಲ್ಜೀನ್‌ನನ್ನು ಮೊದಲು ಹೇಳಬೇಕು. ರೊಟ್ಟಿ ಕದ್ದು ಜೈಲಿಗೆ ಹೋಗಿದ್ದ ಮನುಷ್ಯ. ಕತ್ತಲ ಕಾಡಿನಲ್ಲಿ ಭಾರದ ನೀರಿನ ಬಕೆಟ್ ಹೊತ್ತು ಬರುತ್ತಿದ್ದ ಪುಟ್ಟ ಕೊಸೆಟ್ ಹಿಂದಿನಿಂದ ಬಂದು ಬಕೆಟ್ ಎತ್ತಿಕೊಳ್ಳುತ್ತಾನೆ. ಅಲ್ಲಿಂದ ಅವಳೇ ಅವನ ಬದುಕು. ತಾನು ಕೈದಿಯಾಗಿದ್ದೆ ಎಂದು ಮಗಳಿಗೆ ಗೊತ್ತಾದರೆ ಎಂಬ ನಾಚಿಕೆಯಲ್ಲಿ, ಅವಳ ಮದುವೆಯ ನಂತರ ತಾನೇ ದೂರ ಸರಿಯುತ್ತಾನೆ. ಸಾಯುವ ಹೊತ್ತಿಗೆ ಅವಳು ಓಡಿ ಬರುತ್ತಾಳೆ.

ಕನ್ನಡದಲ್ಲಿ ಇದಕ್ಕೆ ಸಮನಾದವನು 'ಬಂಗಾರದ ಮನುಷ್ಯ'ದ ರಾಜೀವ. 1972ರ ಚಿತ್ರ, ಟಿ. ಕೆ. ರಾಮರಾವ್ ಅವರ ಕಾದಂಬರಿ ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ್ದು. ಭಾವ ಸತ್ತ ಮೇಲೆ ಅಕ್ಕನ ಸಂಸಾರವನ್ನು ರಾಜೀವ ಹೊರುತ್ತಾನೆ. ಸೋದರಮಾವನೇ ಅಪ್ಪನಾಗುತ್ತಾನೆ. ಸಾಕಿದ ಹುಡುಗನೇ ಅನುಮಾನಿಸಿ ಮಾತಾಡಿದಾಗ ಜಗಳಕ್ಕೆ ನಿಲ್ಲದೆ ಹೊರಟುಹೋಗುತ್ತಾನೆ. ಅಲ್ಲಿ ರಾಜ್‌ಕುಮಾರ್ ಅವರ ಮುಖ ನೋಡಬೇಕು. ಈ ಹುಡುಗ ಮಾತ್ರ ನೋಡಬೇಕಾದ ಹೊತ್ತಿಗೆ ನೋಡಲಿಲ್ಲ.

ಭಾರತದ ಚಿತ್ರಗಳಲ್ಲಿ ಇನ್ನು ಯಾವ ಅಪ್ಪಂದಿರನ್ನು ನೋಡಲೇಬೇಕು?

'ಬೈಸಿಕಲ್ ಥೀವ್ಸ್' ನೋಡಿ ಪ್ರಭಾವಿತರಾದ ಸತ್ಯಜಿತ್ ರಾಯ್ 1955ರಲ್ಲಿ 'ಪಥೇರ್ ಪಾಂಚಾಲಿ' ಮಾಡಿದರು. ಅಪ್ಪ ಹರಿಹರ ದುಡಿಮೆಗೆ ಊರು ಬಿಟ್ಟು ಹೋಗಿದ್ದಾನೆ. ತಿಂಗಳುಗಟ್ಟಲೆ ಕಳೆದು ಮನೆಗೆ ಬಂದವನು ಮಗಳು ದುರ್ಗಾಳಿಗೆ ತಂದ ಸೀರೆ ತೆಗೆದು ತೋರಿಸುತ್ತಾನೆ. ದುರ್ಗಾ ಸತ್ತುಹೋಗಿದ್ದಾಳೆ. ಹೆಂಡತಿ ಬಾಯಿ ತೆರೆದು ಅಳುತ್ತಾಳೆ, ಆದರೆ ನಮಗೆ ಕೇಳುವುದು ಅಳುವಲ್ಲ, ತಾರ್ ಶಹನಾಯಿಯ ಎತ್ತರದ ದನಿ. ಅದೇ ಕುಟುಂಬದ ಮೂರನೇ ಚಿತ್ರ, 1959ರ 'ಅಪುರ್ ಸಂಸಾರ್'ನಲ್ಲಿ ಹರಿಹರನ ಮಗ ಅಪು ತಾನೇ ಅಪ್ಪ. ಹೆರಿಗೆಯಲ್ಲಿ ಹೆಂಡತಿ ಸತ್ತಳೆಂದು ಮಗುವಿನ ಮುಖವನ್ನೂ ನೋಡದೆ ಹೊರಟುಹೋದವನು. ವರ್ಷಗಳ ಮೇಲೆ ಬಂದರೆ ಮಗ ಅಪ್ಪ ಎಂದು ಒಪ್ಪುವುದಿಲ್ಲ. ಗೆಳೆಯ ಎಂದು ಒಪ್ಪಿಕೊಂಡು ಹೆಗಲೇರುತ್ತಾನೆ.

2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಈ ಸಾಲಿನಲ್ಲಿ ನನಗೆ ತುಂಬ ಹತ್ತಿರದ್ದು. ನಿರ್ದೇಶಕ ಹೇಮಂತ್ ರಾವ್ ಅವರ ಮೊದಲ ಚಿತ್ರ. ಅಲ್ಜೈಮರ್ ಕಾಯಿಲೆಯ ವೆಂಕೋಬ ರಾವ್ ಆಗಿ ಅನಂತ್ ನಾಗ್, ಮಗ ಶಿವ ಆಗಿ ರಕ್ಷಿತ್ ಶೆಟ್ಟಿ. ಅಪ್ಪ ಕಳೆದುಹೋಗುತ್ತಾನೆ. ಕಾಣೆಯಾದವರ ಪ್ರಕಟಣೆಗೆ ಅಪ್ಪನ ಬಗ್ಗೆ ಹೇಳಬೇಕಾಗಿ ಬಂದಾಗ ಮಗನಿಗೆ ಗೊತ್ತಿರುವುದು ಬಣ್ಣ, ಮೈಕಟ್ಟು ಅಷ್ಟೇ. ಹುಡುಕುತ್ತಾ ಹೋದ ಹಾಗೆ ಆ ಮನುಷ್ಯ ಯಾರನ್ನು ಪ್ರೀತಿಸಿದ್ದ, ಹೇಗೆ ಬದುಕಿದ್ದ ಎಂಬುದು ತೆರೆದುಕೊಳ್ಳುತ್ತದೆ. ಅಪ್ಪನಿಗೆ ನೆನಪು ಹೋಗುತ್ತಿರುವ ಹೊತ್ತಿನಲ್ಲೇ ಮಗನಿಗೆ ಅಪ್ಪ ಸಿಗುತ್ತಾನೆ.

ನಿಜ ಜೀವನ ಆಧರಿಸಿದ ಅಪ್ಪಂದಿರ ಕಥೆ ಎಷ್ಟು ನಿಜ?

ಒಂದಿಷ್ಟು ನಿಜ, ಒಂದಿಷ್ಟು ಸೇರಿಸಿದ್ದು. 2006ರ 'ದಿ ಪರ್ಸೂಟ್ ಆಫ್ ಹ್ಯಾಪಿನೆಸ್' ಕ್ರಿಸ್ ಗಾರ್ಡ್ನರ್ ಅವರ ಬದುಕಿನ ಕಥೆ. ಮನೆಯಿಲ್ಲದೆ ರೈಲು ನಿಲ್ದಾಣದ ಶೌಚಾಲಯದಲ್ಲಿ ಮಗನ ಜೊತೆ ರಾತ್ರಿ ಕಳೆದದ್ದು ನಿಜ. ಆದರೆ ಆಗ ಮಗ ಇನ್ನೂ ಎಳೆಗೂಸು. ಚಿತ್ರದಲ್ಲಿ ಅವನಿಗೆ ಐದು ವರ್ಷ, ಮಾತಾಡಲು ಬರಬೇಕಿತ್ತಲ್ಲ. 2016ರ 'ದಂಗಲ್'ನಲ್ಲಿ ಮಹಾವೀರ್ ಸಿಂಗ್ ಫೋಗಟ್ ಮಗಳು ಗೀತಾ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು ನಿಜ. ಫೈನಲ್ ಸಮಯದಲ್ಲಿ ಅಪ್ಪನನ್ನು ಕೋಣೆಯಲ್ಲಿ ಕೂಡಿಹಾಕಿದ್ದು ಸಿನಿಮಾಕ್ಕಾಗಿ ಕಟ್ಟಿದ್ದು. ಮಕ್ಕಳ ಮೇಲೆ ಅಪ್ಪ ತನ್ನ ಕನಸು ಹೇರಿದ್ದು ಸರಿಯೇ ಎಂಬ ಜಗಳ ಇನ್ನೂ ಮುಗಿದಿಲ್ಲ, ಮುಗಿಯುವುದೂ ಬೇಡ.

ಚಿಕ್ಕ ಮಕ್ಕಳ ಜೊತೆ ಕೂತು ನೋಡಲು ಯಾವುದರಿಂದ ಶುರು ಮಾಡಲಿ?

'ಫೈಂಡಿಂಗ್ ನೀಮೊ'. ನಿರ್ದೇಶಕ ಆಂಡ್ರ್ಯೂ ಸ್ಟ್ಯಾಂಟನ್ ಒಮ್ಮೆ ಮಗನ ಜೊತೆ ಪಾರ್ಕಿಗೆ ಹೋಗಿದ್ದರು. ಅದು ಮುಟ್ಟಬೇಡ, ಅಲ್ಲಿ ಹೋಗಬೇಡ ಎನ್ನುವುದರಲ್ಲೇ ಹೊತ್ತು ಕಳೆಯಿತು. ಮಗನ ಜೊತೆ ಕಳೆಯಬೇಕಾದ ಸಮಯವನ್ನು ತಮ್ಮ ಭಯವೇ ತಿನ್ನುತ್ತಿದೆ ಎಂದು ಅವರಿಗೆ ಹೊಳೆಯಿತು. ಅಪ್ಪಮೀನು ಮಾರ್ಲಿನ್ ಹುಟ್ಟಿದ್ದು ಹಾಗೆ. ಮಗನಿಗೆ ಏನೂ ಆಗದಂತೆ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟವನಿಗೆ, ಏನೂ ಆಗದೇ ಇದ್ದರೆ ಮಗನ ಬದುಕಿನಲ್ಲಿ ಏನೂ ನಡೆಯುವುದೇ ಇಲ್ಲ ಎಂದು ಮರೆವಿನ ಮೀನು ಡೋರಿ ತಿಳಿಹೇಳುತ್ತಾಳೆ. ಮಕ್ಕಳು ಬಣ್ಣದ ಮೀನು ನೋಡುತ್ತಾರೆ, ಪಕ್ಕದಲ್ಲಿ ಕೂತ ದೊಡ್ಡವರಿಗೆ ಬೇರೆಯೇ ಸಿನಿಮಾ ಕಾಣುತ್ತದೆ. ಮೊದಲ ಕೆಲವು ನಿಮಿಷದಲ್ಲೇ ತಾಯಿಮೀನು ಸಾಯುತ್ತದೆ. ತೀರಾ ಚಿಕ್ಕವರು ಅಲ್ಲಿ ಹೆದರಬಹುದು. ಆ ಭಾಗ ಮುಗಿಯುವವರೆಗೆ ಎದ್ದು ಹೋಗದೆ ಜೊತೆಗೇ ಕೂತಿರಿ.